ಬೀಗರು ಸಮುದ್ರದ ನೀರಲ್ಲಿ ತಿರುವಿಸಿದ ಮುದ್ದೆ

ಸಮುದ್ರದ ನೀರಿಗೆ ರಾಗಿಹಿಟ್ಟು ಹಾಕಿ ಮುದ್ದೆ ಮಾಡಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತಿದ್ದೆ. ಅವರು ಬೇರೆ ಯಾರೂ ಅಲ್ಲ, ನನ್ನ ಬೀಗರು, ಗಾವಡಗೆರೆಯ ಸಿದ್ದೇಗೌಡರು.

ನಗಬೇಡಿ. ಆ ಮುದ್ದೆಯನ್ನು ನೆನೆದು ನಾನು ಈಗಲೂ ಕೈ ಮುಗಿಯುತ್ತೇನೆ.

ವಿಷಯ ಇಷ್ಟು. ನನ್ನ ಮಗಳನ್ನು ಬೀಗರ ಮಗನಿಗೆ ಕೊಟ್ಟಿದ್ದೇನೆ. ಅವಳ ಮಗಳು ಗೌರ, ಆಗ ಏಳು ವರ್ಷದವಳು, ನನ್ನ ಮನೆಯಲ್ಲೇ ಇದ್ದುಕೊಂಡು ಸ್ಕೂಲಿಗೆ ಹೋಗುತ್ತಾಳೆ. (ಮತ್ತೆ ಮೊಮ್ಮಗಳ ಸುದ್ದಿಯೇ ಎಂದು ಮುಖ ಸಿಂಡರಿಸುವವರು ಧಾರಾಳವಾಗಿ ಪುಟ ತಿರುವಬಹುದು.) ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಇದನ್ನೂ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ಅವಳು ಗಡಗಡನೆ ಓದುತ್ತಾಳೆ! ಓದಿದ್ದನ್ನು ಹಿಡಿದುಕೊಂಡು ಪ್ರಾಣ ಹಿಂಡುತ್ತಾಳೆ. ಸ್ಕೂಲಿನಲ್ಲಿ ಸಮುದ್ರದ ಪಾಠ ಆದ ದಿನ ನನ್ನ ಪಂಚೆ ಹಿಡಿದು ಜಗ್ಗಿದಳು.

"ತಾತ, ಸಮುದ್ರ ನಮ್ ಕೆರೆಗಿಂತ ದೊಡ್ಡದಾ?"

"ನಾಕು ಕೆರೆ ಸೇರಿದ್ರೆ ಆಯ್ತದೇನೋ ಕಣವ್ವ," ಎಂದೆ. ನಾನಾದರೂ ಎಲ್ಲಿ ನೋಡಿದ್ದೆ?

"ಅದ್ರಲ್ಲಿ ನಾನು ಕಾಲು ಇಡ್ಬೇಕು."

"ಇಡಿಸ್ತೀನಿ ಬುಡು," ಎಂದುಬಿಟ್ಟೆ. ಮಾತು ಕೊಟ್ಟದ್ದು ಕೊಟ್ಟಂತೆ.

ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆ ರೇಟು ಬಂತು. ಬೀಗರಿಗೆ ದೇಶ ನೋಡುವ ಹುಚ್ಚು ಹಿಡಿಯಿತು. ಗೆಳೆಯರನ್ನು ಕಟ್ಟಿಕೊಂಡು ಒಂದು ಮೋಟಾರು ಬಸ್ಸು ಗೊತ್ತು ಮಾಡಿದರು. ಎಲ್ಲಿಗೆ? ಮಲೆಯಾಳ ಸೀಮೆಯ ಕಣ್ಣಾನೂರಿಗೆ. ಪರಂಗಿಯವರು ಕಟ್ಟಿದ ಊರು, ಸಮುದ್ರದ ದಡದಲ್ಲೇ ಅವರ ಕೋಟೆ ಇದೆ ಎಂದು ಯಾರೋ ಹೇಳಿದ್ದರಂತೆ. ನನಗೂ ಕರೆ ಬಂತು. ನಾನು ಗೌರಳ ಕೈ ಹಿಡಿದುಕೊಂಡೇ ಬಸ್ಸು ಹತ್ತಿದೆ.

"ಹೆಣ್ಮಗೀಗೆ ಯಾಕ್ ಬೀಗ್ರೆ ಟೂರು?" ಎಂದರು ಸಿದ್ದೇಗೌಡರು.

"ನನ್ ತೊಡೆ ಮೇಲೆ ಕೂತ್ಕತದೆ ಬುಡಿ."

ಪಿರಿಯಾಪಟ್ಟಣ ದಾಟಿ, ಕೊಡಗು ದಾಟಿ, ಘಾಟಿ ಇಳಿದೆವು. ದಾರಿಯಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡರು, ಉಳಿದರ್ಧ ಜನ ಅವರನ್ನು ಬೈದರು. ಕಣ್ಣಾನೂರಿನಲ್ಲಿ ಇಳಿದ ಮೇಲೆ ಶುರುವಾಯಿತು ನೋಡಿ! ಅನ್ನ ದಪ್ಪವಂತೆ. ಎಣ್ಣೆ ವಾಸನೆಯಂತೆ. ಗಾಳಿ ಅಂಟಂತೆ. ಹಾಗಾದರೆ ಬಂದದ್ದೇಕೆ? ಗಾವಡಗೆರೆಯನ್ನೇ ಇನ್ನೊಮ್ಮೆ ನೋಡುವುದಕ್ಕೆ ಬಸ್ಸು ಬೇಕಿತ್ತೇ?

ಮಾರನೆಯ ಬೆಳಿಗ್ಗೆ ಕೋಟೆಗೆ ಹೋದೆವು. ಎಂಥ ಕೋಟೆ! ಕೆಂಪು ಕಲ್ಲಿನ ಗೋಡೆ, ಮೇಲೆ ಸಾಲಾಗಿ ಫಿರಂಗಿ, ಅದರಾಚೆ ಬರೀ ನೀಲಿ. ನಾಕು ಕೆರೆಯಂತೆ, ನಾಕು ಕೆರೆ!

ಬೀಗರು ಫಿರಂಗಿಯನ್ನು ಬೆರಳಿನಿಂದ ತಟ್ಟಿದರು. "ಇದ್ನ ಕರಗಿಸಿದ್ರೆ ಎಷ್ಟು ನೇಗಿಲ ಗುಳ ಆಯ್ತವೆ?" ಎಂದರು. ಆಮೇಲೆ ಅಂಗಳವನ್ನು ಕಣ್ಣಲ್ಲೇ ಅಳೆದು, "ಇಷ್ಟು ಜಾಗ ಖಾಲಿ ಬುಟ್ಟವ್ರಲ್ಲ, ಸೊಪ್ಪು ಹಾಕ್ಬೋದಿತ್ತು," ಎಂದರು. ಕೊನೆಗೆ, "ನಮ್ ಪಿರಿಯಾಪಟ್ಟಣದ ಕೋಟೆ ಮುಂದೆ ಇದೇನ್ ಮಹಾ?" (ಆ ಕೋಟೆಯೊಳಗೆ ಅವರ ಮೇಕೆ ಹೋಗಿರಬಹುದು. ಅವರು ಹೋಗಿಲ್ಲ.) ಗೆಳೆಯರೆಲ್ಲ ತಲೆಯಾಡಿಸಿದರು. ಬಸ್ಸಿನ ಬಾಡಿಗೆ ಬೀಗರದಲ್ಲವೇ?

ಗೌರ ಒಬ್ಬಳೇ ಗೋಡೆಗೆ ಗಲ್ಲ ಊರಿ ನಿಂತಿದ್ದಳು. "ತಾತ, ಪರಂಗಿಯೋರು ಆ ನೀರ್ ಮೇಲೇ ಬಂದ್ರಾ? ಅವ್ರಿಗೆ ಹೆದರಿಕೆ ಆಗ್ಲಿಲ್ವಾ?"

ಇಷ್ಟು ದೊಡ್ಡ ಗುಂಪಿನಲ್ಲಿ ಪ್ರಶ್ನೆ ಅಂತ ಹುಟ್ಟಿದ್ದು ಅದೊಂದೇ. ಬೀಗರು ಗದರಿದರು, "ಸುಮ್ಕಿರಮ್ಮಿ!" ಹಾಗೆಯೇ ಆರ್ಡರು ಹೊರಡಿಸಿದರು. "ಉಂಡ್ ತಕ್ಷಣ ಬಸ್ಸು. ಕತ್ತಲಾಗೋದ್ರೊಳಗೆ ಘಾಟಿ ಹತ್ಬೇಕು. ನೀರ್ ತಾವ್ಕೆ ಯಾರೂ ಹೋಗಂಗಿಲ್ಲ."

ಗೌರ ನನ್ನ ಮುಖ ನೋಡಿದಳು. "ತಾತ, ನೀನು ಇಡಿಸ್ತೀನಿ ಅಂದಿದ್ದೆ."

ನಾನೇನು ಮಾಡಲಿ? ಹೆಣ್ಣು ಕೊಟ್ಟವನು. ಬೀಗರ ಮಾತಿಗೆ ಎದುರಾಡಿದರೆ ಅದರ ಬಿಸಿ ನನಗಲ್ಲ, ಗಾವಡಗೆರೆಯಲ್ಲಿ ಒಲೆಯ ಮುಂದೆ ಕೂತಿರುವ ನನ್ನ ಮಗಳಿಗೆ ತಟ್ಟುತ್ತದೆ. ನೀರು ಕಣ್ಣೆದುರೇ ಹೊಳೆಯುತ್ತಿತ್ತು, ಮಗುವಿನ ಕಾಲು ಒಣಗಿಯೇ ಇತ್ತು.

ಕೋಟೆಯ ಕೆಳಗೆ ತೆಂಗಿನ ಮರದ ನೆರಳಲ್ಲಿ ಒಲೆ ಹೂಡಿದರು. ಹತ್ತಿರವೇ ಮೀನು ಹಿಡಿಯುವವರ ಕೇರಿ, ಅಲ್ಲೊಂದು ಬಾವಿ. ಅಡುಗೆಯ ನಂಜಪ್ಪ ಬಿಂದಿಗೆ ಹಿಡಿದು ಆ ಕಡೆ ಹೊರಟ.

"ಎಲ್ಲಿಗ್ಲಾ?" ಎಂದರು ಬೀಗರು. "ಮೀನಿನ ಕೈ ಅದ್ದಿದ ಬಾವಿ ನೀರಲ್ಲಿ ನಾವು ಉಣ್ಣಾದಾ? ಅಗೋ, ಎದುರಿಗೆ ಸಾಕ್ಷಾತ್ ಗಂಗೆ ಅವ್ಳೆ. ನಮ್ ಲಕ್ಷ್ಮಣತೀರ್ಥ, ಕಾವೇರಿ ಎಲ್ಲಾ ಬಂದು ಸೇರಾದು ಅಲ್ಲೇ ತಾನೇ? ಅದಕ್ಕೆ ಮೈಲಿಗೆ ಎಲ್ಲೈತೆ? ತುಂಬ್ಕೊಂಡ್ ಬಾ."

(ಕಾವೇರಿ ಸೇರುವುದು ಮೂಡಲ ಕಡೆಯ ಸಮುದ್ರಕ್ಕೆ, ಈ ಕಡೆಯದಕ್ಕಲ್ಲ. ಇದನ್ನು ಆಮೇಲೆ ನನಗೆ ತಿಳಿಸಿದವಳೂ ಗೌರಳೇ.)

"ಉಪ್ಪಿರ್ತದಂತಲ್ಲ ಗೌಡ್ರೆ?" ಒಬ್ಬರು ಮೆಲ್ಲಗೆ ಕೇಳಿದರು.

"ಇರ್ಲಿ ಬುಡು. ನಾವು ಹಾಕೋ ಉಪ್ಪು ಉಳೀತು."

ಎಂಥ ಬುದ್ಧಿ! ಎಲ್ಲರೂ ಹೌದೌದು ಎಂದರು. ನಾನೂ ಅಂದೆ.

ಎಸರು ಕುದಿಯಿತು, ಹಿಟ್ಟು ಬಿತ್ತು, ನಂಜಪ್ಪ ಕೋಲಿನಲ್ಲಿ ತಿರುವಿದ. ಮುದ್ದೆ ನೋಡಲು ಲಕ್ಷಣವಾಗಿಯೇ ಇತ್ತು. ಮನೆಯಿಂದ ತಂದ ಹುಚ್ಚೆಳ್ಳು ಚಟ್ನಿ ಜೊತೆಗೆ. ಮೊದಲ ತುತ್ತು ಬೀಗರದು. ನಿಮಗೆ ಗೊತ್ತಲ್ಲ, ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ರುಚಿ ತಿಳಿಯುವ ಹೊತ್ತಿಗೆ ತುತ್ತು ಗಂಟಲು ದಾಟಿರುತ್ತದೆ.

ಬೀಗರ ಕಣ್ಣು ಹೊರಗೆ ಬಂತು. "ನೀರು!" ಎಂದರು.

ಯಾವ ನೀರು? ಇದ್ದದ್ದು ಬಿಂದಿಗೆಯ ತುಂಬ ಗಂಗೆ. ಕುಡಿದರು. ಆಮೇಲೆ ಅವರು ಮಾಡಿದ ಸದ್ದನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ.

ಎಲ್ಲರೂ ಎದ್ದು ಓಡಿದರು. ಎಲ್ಲಿಗೆ? ಮೀನಿನವರ ಬಾವಿಗೆ! ಒಬ್ಬಳು ಮುದುಕಿ ನೀರು ಸೇದುತ್ತಿದ್ದಳು. ಅವಳ ಮುಂದೆ ಗಾವಡಗೆರೆಯ ದೊಡ್ಡ ಕುಳ ಮಂಡಿಯೂರಿ ಬೊಗಸೆ ಹಿಡಿದು, "ಇನ್ನೊಂದ್ ಚೂರು ಹುಯ್ಯವ್ವ, ನನ್ ತಾಯಿ," ಎನ್ನುತ್ತಿದ್ದರು. ಅವಳಿಗೆ ಕನ್ನಡ ಬಾರದು. ಆದರೂ ಹುಯ್ದಳು, ಸೆರಗು ಬಾಯಿಗಿಟ್ಟು ನಕ್ಕಳು. ಮೈಲಿಗೆ? ಅದು ಗಂಟಲು ಒಣಗುವವರೆಗೆ ಇತ್ತು.

ಮತ್ತೆ ನೀರು ತರಬೇಕು, ಮತ್ತೆ ಎಸರಿಡಬೇಕು, ಮತ್ತೆ ತಿರುವಬೇಕು. ಡ್ರೈವರು ಹೊತ್ತು ನೋಡಿ, "ಇನ್ ಘಾಟಿ ಆಗಾಕಿಲ್ಲ, ನಾಳೆ ಹೊತ್ತುಟ್ಟೋ ಮುಂಚೆ ಹೋಗಣ," ಎಂದು ಬಸ್ಸಿನಡಿ ಮಲಗಿಬಿಟ್ಟ. ಬೀಗರು ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದ್ದರು. ಆರ್ಡರು ಹೊರಡಿಸುವ ಬಾಯಿ ಉಪ್ಪಿನಿಂದ ಕಟ್ಟಿಹೋಗಿತ್ತು.

ನಾನು ಯಾರನ್ನೂ ಕೇಳಲಿಲ್ಲ. ಗೌರಳ ಕೈ ಹಿಡಿದೆ, ನಡೆದೆ.

ಅಲೆ ಬಂತು. ಅವಳ ಬೆರಳ ತುದಿ ಮುಟ್ಟಿತು, ಹಿಂದಕ್ಕೆ ಸರಿಯಿತು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಆಮೇಲೆ ಪಿಸುಗುಟ್ಟಿದಳು, "ತಾತ, ನಮ್ ಎಮ್ಮೆ ಹೊಸಬ್ರನ್ನ ಮೂಸ್ತದಲ್ಲ, ಅಂಗೇ ಮೂಸಿ ನೋಡ್ಬುಟ್ಟು ಹೋಯ್ತು!"

ಅಯ್ಯೋ, ನನ್ನ ಪುಟ್ಟಿ! ಯಾವ ಪಂಡಿತ ಹೇಳಿಯಾನು ಈ ಮಾತನ್ನು? ಹೊತ್ತು ಮುಳುಗುವ ತನಕ ಕುಣಿದಳು. ಪಂಚೆ ಎತ್ತಿ ಕಟ್ಟಿ ನಾನೂ ಕುಣಿದೆ. ನೋಡಿದವರು ನೋಡಲಿ.

ಊರಿಗೆ ಬಂದ ಮೇಲೆ ಜಗಲಿಯಲ್ಲಿ ಜನ ಬೀಗರನ್ನು ಮುತ್ತಿದರು. ಏನು ನೋಡಿದಿರಿ ಗೌಡರೆ? "ಏನೈತೆ ಅಲ್ಲಿ? ಹಳೇ ಗೋಡೆ, ಉಪ್ಪು ನೀರು," ಎಂದರಂತೆ. ಸರಿಯೇ. ಅವರು ಸಮುದ್ರವನ್ನು ನುಂಗಿ ಬಂದವರು, ನೋಡಿ ಬಂದವರಲ್ಲ.

ಈ ವರ್ಷ ಮತ್ತೆ ಹೋಗುವ ಮಾತು ನಡೆದಿದೆ. ಈ ಸಲ ಲಕ್ಷ್ಮಣತೀರ್ಥದ ನೀರನ್ನೇ ಪೀಪಾಯಿಯಲ್ಲಿ ತುಂಬಿಕೊಂಡು ಹೋಗುವುದೆಂದು ಬೀಗರು ತೀರ್ಮಾನ ಮಾಡಿದ್ದಾರೆ. ಹೊರಡುವ ದಿನ ಅವರಿಗೆ ಆ ಪೀಪಾಯಿ ಮರೆತುಹೋದರೆ, ನೆನಪಿಸುವ ದಡ್ಡ ನಾನೇ?