ಯಾವ ಕೊಹಿನೂರ್, ಮೇಡಂ?

ನಮ್ಮ ಮಾಣಿಕಮ್ಮತ್ತೆ ಆರು ತಿಂಗಳ ಹಿಂದೆ ಮೂರು ದಪ್ಪ ಇಂಗ್ಲಿಷ್ ಪುಸ್ತಕ ಮುಗಿಸಿದಳು. ಒಂದೇ ಮಧ್ಯಾಹ್ನದಲ್ಲಿ. ಅದೂ ಇಂಗ್ಲಿಷ್ ಬರದೆ!

ಮುಗಿಸಿದಳು ಅಂದರೆ ಫೋಟೋ ನೋಡಿದಳು. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತ, ಒಬ್ಬೊಬ್ಬ ಆಟಗಾರನ ಮುಖದ ಮೇಲೂ ಬೆರಳಿಟ್ಟು ಪರೀಕ್ಷೆ ಮಾಡಿದಳು. ಮೂರನೆಯದನ್ನು ಮುಚ್ಚಿ, ಕನ್ನಡಕ ತೆಗೆದು, ನನ್ನನ್ನು ದುರುಗುಟ್ಟಿ ನೋಡಿದಳು.

"ಇದ್ರಾಗ ನಮ್ಮವ್ರು ಎಲ್ಲದಾರ?"

(ಹಿರಿಯಳಿಗೆ ಏಕವಚನವೇ ಅಂತ ಹುಬ್ಬೇರಿಸಬೇಡಿ. ಬಹುವಚನ ಹಚ್ಚಿದರೆ "ನಾ ಏನು ತಹಶೀಲ್ದಾರಳೇನು?" ಅಂತ ಬೈಸಿಕೊಳ್ಳುವವಳು ನಾನು, ನೀವಲ್ಲ.)

ಅತ್ತೆ, ಅಂದರೆ ನಮ್ಮ ಸೋದರತ್ತೆ, ಇರುವುದು ತೆಲಂಗಾಣದ ಮಕ್ತಲ್‌ನಲ್ಲಿ, ನಾನು ಅಲ್ಲೇ ಹತ್ತಿರದ ನಾರಾಯಣಪೇಟೆಯಲ್ಲಿ. ಮಕ್ತಲ್‌ನಲ್ಲಿ ಒಂದು ಫುಟ್‌ಬಾಲ್ ತಂಡ ಇದೆ. ಹೆಸರು ಕೊಹಿನೂರ್. ಕಟ್ಟಿದವನು ಅತ್ತೆಯ ಗಂಡ, ನಮ್ಮ ಮಾವ. ಆ ವಜ್ರ ಸಿಕ್ಕಿದ್ದು ಕೃಷ್ಣೆಯ ದಂಡೆಯಲ್ಲಂತೆ, ನಾವೂ ಕೃಷ್ಣೆಯ ನೀರು ಕುಡಿದವರಲ್ಲವೇ, ವಜ್ರ ಹೋದರೂ ಹೆಸರು ನಮ್ಮ ಹತ್ತಿರ ಇರಲಿ ಎನ್ನುವುದು ಅವನ ವಾದ. ಮಾವ ತೀರಿಹೋಗಿ ವರ್ಷಗಳಾದವು. ತಂಡ ಉಳಿದಿದೆ. ಈಗಲೂ ಭಾನುವಾರ ಬೆಳಿಗ್ಗೆ ಆಟೋದವರು, ರೈಸ್ ಮಿಲ್ಲಿನವರು, ಇಬ್ಬರು ಮೇಷ್ಟ್ರು ಎಲ್ಲ ಸೇರಿ ಆಡುತ್ತಾರೆ. ಅತ್ತೆ ಗೆರೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಬೈಯುತ್ತಾಳೆ. ಗೋಲು ಬಿಟ್ಟರೂ ಬೈಗುಳ, ಹೊಡೆದರೂ ಬೈಗುಳ. "ಇಷ್ಟೊತ್ತನಕ ಏನ್ ಮಾಡಾಕ ಹತ್ತಿದ್ದಿ?"

ಇನ್ನೊಂದು ಕೊಹಿನೂರ್ ಇದೆ. ಅದು ದೂರದ ಮಹಾನಗರದ ಪ್ರೊಫೆಷನಲ್ ಟೀಮು. ಸ್ವಂತ ಸ್ಟೇಡಿಯಂ, ಎ.ಸಿ. ಬಸ್ಸು, ವಿದೇಶಿ ಕೋಚು. ಹುಟ್ಟಿದ್ದು ನಮ್ಮದಕ್ಕಿಂತ ಎಷ್ಟೋ ವರ್ಷ ಆದಮೇಲೆ. ಅದರ ಬಗ್ಗೆ ಪುಸ್ತಕ ಬಂದಿದೆ ಅಂತ ಟೀವಿಯಲ್ಲಿ ಕೇಳಿದ್ದೇ ಅತ್ತೆ ನನಗೆ ಫೋನ್ ಮಾಡಿದಳು. "ತರಿಸು."

ಆನ್‌ಲೈನ್‌ನಲ್ಲಿ ಹೆಸರು ಹೊಡೆದೆ. ಬಂದದ್ದನ್ನೆಲ್ಲ ತರಿಸಿದೆ. ಒಂದು, ಆ ದೊಡ್ಡ ತಂಡದ ಚರಿತ್ರೆ. ಇನ್ನೊಂದು, ಅದರ ಗೋಲ್‌ಕೀಪರನ ಆತ್ಮಕಥೆ. ಮೂರನೆಯದು, ಯಾವುದೋ ದ್ವೀಪಕ್ಕೆ ಕಬ್ಬು ಕಡಿಯಲು ಹೋದ ನಮ್ಮ ದೇಶದವರು ಅಲ್ಲಿ ಕಟ್ಟಿದ ತಂಡದ ಕಥೆ. ಅದೂ ಕೊಹಿನೂರೇ!

"ಅತ್ತಿ, ಇದು ಅವ್ರ ಪುಸ್ತಕ. ಇದ್ರಾಗ ಮಕ್ತಲ್‌ದವ್ರು ಹ್ಯಾಂಗ ಬರ್ತಾರ?" ಅಂದೆ.

"ಯಾಕ ಬರಬಾರ್ದು? ಮದಿವಿ ಕಾರ್ಡಿನಾಗ ಬೀಗರ ಹೆಸರು ಹಾಕಂಗಿಲ್ಲೇನು? ಒಂದೇ ಹೆಸರಿನವ್ರು. ಒಂದು ಸಾಲು ಹಾಕಿದ್ರ ಅವ್ರ ಗಂಟೇನು ಹೋಗ್ತಿತ್ತು?"

ನನಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಪುಸ್ತಕಗಳನ್ನು ನನ್ನ ಕಡೆ ತಳ್ಳಿದಳು. "ನೀ ವಾರಾವಾರ ಪೇಪರ್‌ನಾಗ ಬರೀತಿ. ಬದ್ನಿಕಾಯಿ ಮ್ಯಾಲ ಬರ್ದಿ. ಬಸ್ ಕಂಡಕ್ಟರ್ ಮ್ಯಾಲ ಬರ್ದಿ. ನಮ್ಮ ಕೊಹಿನೂರ್ ಮ್ಯಾಲ ಬರಿಯಾಕ ಏನ್ ಧಾಡಿ ನಿನಗ?"

(ಬದನೆಕಾಯಿ ಅಂಕಣ ನಿಮಗೂ ನೆನಪಿರಬೇಕು. ಎಣ್ಣೆಗಾಯಿಗೆ ಬೆಲ್ಲ ಹಾಕಬೇಕೋ ಬೇಡವೋ ಅಂತ ನೀವೆಲ್ಲ ಜಗಳಕ್ಕೆ ಬಂದಿದ್ದಿರಿ.)

ಸರಿ, ಬರೆಯಲು ಕೂತೆ. ಯಾರನ್ನು ಕೇಳಬೇಕು? ಖಾಜಾ ಮಾಮುವನ್ನು. ಮಾವನ ಗೆಳೆಯ, ತಂಡದ ಹಳೆಯ ಗೋಲ್‌ಕೀಪರ್, ಈಗ ಮಕ್ತಲ್ ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ. ಟ್ಯೂಬಿಗೆ ತೇಪೆ ಹಚ್ಚುತ್ತಲೇ ಮಾಮು ಹೇಳಿದ್ದು ಕೇಳಿ. ಆಗ ರಾಯಚೂರಿನಲ್ಲೂ ಒಂದು ಕೊಹಿನೂರ್ ತಂಡ ಇತ್ತಂತೆ! ಗಡಿಯ ಕೃಷ್ಣಾ ಎಂಬ ಊರಿನಲ್ಲಿ, ಹೊಳೆಯ ದಂಡೆಯ ಮೇಲೆ, ಕೊಹಿನೂರ್ ವಿರುದ್ಧ ಕೊಹಿನೂರ್ ಮ್ಯಾಚು.

"ಯಾ ಅಲ್ಲಾ! ಆ ಮಂದಿ 'ಕೊಹಿನೂರ್' ಅಂತ ಒದರ್ತಾರ, ಈ ಮಂದಿನೂ 'ಕೊಹಿನೂರ್' ಅಂತ ಒದರ್ತಾರ. ನಂಗ್ ಸಮಝೇ ಆಗ್ವಲ್ದು ಬೇಟಿ, ಹೊಗಳ್ತಾರೋ ಬೈತಾರೋ!"

"ಮತ್ತ ಹೆಸರಿನ ಸಲುವಾಗಿ ಜಗಳ ಆಗ್ಲಿಲ್ಲೇನು ಮಾಮು?"

"ಜಗಳ ಕಾಯ್ಕೊ, ಯಾಕ ಬೇಕು? ಅವ್ರು ಹೊಳಿ ಆಚಿ ಕೊಹಿನೂರ್, ನಾವು ಈಚಿ ಕೊಹಿನೂರ್. ಬಸ್. ಮ್ಯಾಚ್ ಆದಮ್ಯಾಗ ಎಲ್ಲಾರೂ ಕೂಡಿ ರೊಟ್ಟಿ ತಿಂದ್ವಿ."

ಹೀಗೆ ಕೇಳಿ ಕೇಳಿ ಬರೆದೆ. ಅಂಕಣಕ್ಕೆ ಹಿಡಿಸದೆ ಪುಸ್ತಕವೇ ಆಯಿತು. ಪುಟ್ಟದೇ, ಆದರೆ ನಮ್ಮದು. ಅತ್ತೆ ಎದುರಿಗೆ ಕೂತು ಪೂರ್ತಿ ಓದಿಸಿ ಕೇಳಿದಳು. ಮೂರು ಕಡೆ ತಿದ್ದಿಸಿದಳು, ಎರಡು ಕಡೆ ಅತ್ತಳು. ಆಮೇಲೆ ಒಂದೇ ಕರಾರು ಹಾಕಿದಳು. "ಮ್ಯಾಲ ಕೊಹಿನೂರ್ ಅಂತ ಇರ್ಬೇಕು. ಬರೀ ಕೊಹಿನೂರ್."

ಅತ್ತೆಯನ್ನೂ ಕರೆದುಕೊಂಡು, ಜುರಾಲಾ ಡ್ಯಾಮ್ ದಾಟಿ ಗದ್ವಾಲಕ್ಕೆ ಹೋದೆ. ಅಲ್ಲಿ ಶರಣಪ್ಪನ ಪ್ರೆಸ್ಸು. ಮದುವೆ ಕಾರ್ಡಿನಿಂದ ಹಿಡಿದು ಎಲೆಕ್ಷನ್ ಪಾಂಪ್ಲೆಟ್‌ವರೆಗೆ ಕನ್ನಡ, ತೆಲುಗು, ಉರ್ದು ಮೂರೂ ಹೊಡೆಯುವ ಆಸಾಮಿ. ಮುಖಪುಟದ ಹೆಸರು ನೋಡಿದವನೇ ಕತ್ತು ಅಲ್ಲಾಡಿಸಿದ.

"ಯಾವ ಕೊಹಿನೂರ್, ಮೇಡಂ? ಈ ಹೆಸರಿನ ದೊಡ್ಡ ಟೀಮ್ ಐತ್ರಿ. ಟೀವಿಯಾಗ ಬರ್ತೈತಿ. ಮಂದಿ ಡೂಪ್ಲಿಕೇಟ್ ಅಂತಾರ. ನಾಳಿ ಅವ್ರು ನೋಟಿಸ್ ಗೀಟಿಸ್ ಕಳಿಸಿದ್ರ ನನ್ನ ಪ್ರೆಸ್ಸಿಗೆ ಬರ್ತೈತ್ರಿ. ಸುಮ್ನ 'ನಮ್ಮೂರ ಕಾಲ್ಚೆಂಡು' ಅಂತ ಹಾಕ್ರಿ, ಚಂದ ಕಾಣ್ತೈತಿ."

ನಿಜ ಹೇಳಲೇ? ನನಗೂ ಅಳುಕಾಯಿತು. ನೋಟಿಸ್ ಅಂದರೆ ಯಾರಿಗೆ ತಾನೇ ಭಯ ಇಲ್ಲ? ಒಂದು ನಡುದಾರಿ ಹುಡುಕಿದೆ. 'ಮಕ್ತಲ್‌ನ ಕೊಹಿನೂರ್ (ದೊಡ್ಡ ಕೊಹಿನೂರ್ ಅಲ್ಲ)' ಅಂತ ಹಾಕಿದರೆ?

"ಮೂಗಿಗಿಂತ ಮೂಗುತಿ ಭಾರ," ಅಂದಳು ಅತ್ತೆ. ಅಲ್ಲಿಗೆ ನನ್ನ ನಡುದಾರಿ ಮುಗಿಯಿತು.

ಅಷ್ಟರಲ್ಲಿ ಒಳಗಿನಿಂದ ಶರಣಪ್ಪನ ಹೆಂಡತಿ ಕೂಗಿದಳು. "ಏನ್ರೀ, ಸಣ್ಣ ಶರಣಪ್ಪಂದು ಫೋನ್ ಬಂದೈತಿ!"

ಅತ್ತೆಯ ಕಿವಿ ನೆಟ್ಟಗಾಯಿತು. "ಯಾರಪಾ ಅಂವ ಸಣ್ಣ ಶರಣಪ್ಪ?"

"ನಮ್ಮ ಕಾಕಾನ ಮಗ್ರೀ ಅವ್ವಾ."

"ನೀ?"

"ನಾ ಚಷ್ಮಾ ಶರಣಪ್ಪ. ದೊಡ್ಡ ಶರಣಪ್ಪ ಅಂತ ಇನ್ನೊಬ್ಬ ಅದಾನ್ರಿ, ದೊಡ್ಡಪ್ಪನ ಮಗ. ಎಲ್ಲಾರಿಗೂ ಅಜ್ಜನ ಹೆಸರು ಇಟ್ಟಾರ."

"ಹೌದಾ? ಮತ್ತ ಇದ್ರಾಗ ಡೂಪ್ಲಿಕೇಟ್ ಯಾರು?"

ಒಳಗೆ ಅವನ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ನಮ್ಮ ಕಡೆ ಇದು ಹೊಸದೇನಲ್ಲ. ಒಬ್ಬ ಅಜ್ಜನ ಹೆಸರು ನಾಲ್ಕು ಮೊಮ್ಮಕ್ಕಳಿಗೆ. ಒಬ್ಬ ಕರಿಯ, ಒಬ್ಬ ಉದ್ದ, ಒಬ್ಬ ಬಾಂಬೆ, ಒಬ್ಬ ಚಷ್ಮಾ. ಎಲ್ಲರೂ ಆ ಹೆಸರಿನಲ್ಲೇ ಉಂಡು, ಆ ಹೆಸರಿನಲ್ಲೇ ಆಧಾರ್ ಕಾರ್ಡ್ ಮಾಡಿಸುತ್ತಾರೆ. ನಾನು ಅಸಲಿ, ನೀನು ನಕಲಿ ಅಂತ ಯಾರಾದರೂ ಯಾರಿಗಾದರೂ ನೋಟಿಸ್ ಕಳಿಸಿದ್ದುಂಟೇ? ಮತ್ತೆ ಫೋನಿನಲ್ಲಿ ಹುಡುಕಿದಾಗ ಮೊದಲು ಬಂದವರೇ ಅಸಲಿ ಅಂತ ನಾವು ಯಾವಾಗ ಒಪ್ಪಿಕೊಂಡೆವು?

ಶರಣಪ್ಪ ಸೋತ. ಆದರೂ ಗೊಣಗಿದ. "ನಾವು ಒಂದೇ ಮನಿಯವ್ರು ಬಿಡ್ರಿ ಅವ್ವಾ. ಇದು ಬ್ಯಾರೆ. ಅಲ್ಲಾ, ಒಂದು ಹೆಸರಿನ ಸಲುವಾಗಿ ಇಷ್ಟ್ಯಾಕ ಹಟ?"

ಅತ್ತೆ ಈಗ ಜೋರು ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು. ದನಿ ತಗ್ಗಿತ್ತು.

"ನೋಡಪಾ ಶರಣಪ್ಪ. ಗಂಡನ ಹೆಸರು ಬಾಯ್ಲೆ ತಗೀಬಾರ್ದು ಅಂತ ನಮ್ಮವ್ವ ಕಲಿಸಿದ್ಲು. ಮದಿವ್ಯಾಗ ಒಡಪಿನ ಪದದಾಗ ಕೂಡಿಸಿ ಒಮ್ಮೆ ಹೇಳಿದ್ದೇ ಹೇಳಿದ್ದು. ಆಮ್ಯಾಲ ನಾ ಏನಂತ ಕರೀಬೇಕು? ಕೊಹಿನೂರ್‌ನವ್ರ ಅಂದೆ. ಕೊಹಿನೂರ್‌ನವ್ರ, ಊಟಕ್ಕ ಬರ್ರಿ. ಕೊಹಿನೂರ್‌ನವ್ರ, ಮಳಿ ಬಂತು ಒಳಗ ಬರ್ರಿ. ದವಾಖಾನ್ಯಾಗ ಕಡೀಗೆ ಕೂಗಿದ್ದೂ ಅದೇ. ಓ ಅನ್ನಲಿಲ್ಲ, ಆ ಮಾತು ಬ್ಯಾರೆ. ಈಗ ನೀ ಅದು ನಿಮ್ದಲ್ಲ, ಇನ್ಯಾರ್ದೋ ಅಂದ್ರ, ಇಷ್ಟು ವರ್ಷ ನಾ ಕರ್ದದ್ದು ಯಾರಿಗಪಾ?"

ಸಣ್ಣವಳಿದ್ದಾಗಿನಿಂದ ಅತ್ತೆಯ ಬಾಯಲ್ಲಿ ಆ ಕರೆ ಕೇಳಿದ್ದೇನೆ. ಮಾವನ ಅಡ್ಡಹೆಸರು ಅಂದುಕೊಂಡಿದ್ದೆನೇ ಹೊರತು, ಅವನನ್ನು ಕರೆಯಲು ಅತ್ತೆಗೆ ಇದ್ದದ್ದು ಅದೊಂದೇ ಹೆಸರು ಅಂತ ಹೊಳೆದಿರಲಿಲ್ಲ. 'ದೊಡ್ಡ ಕೊಹಿನೂರ್ ಅಲ್ಲ' ಅಂತ ಕಂಸ ಹಾಕಲು ಹೋಗಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಶರಣಪ್ಪ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. ಕಂಪ್ಯೂಟರಿನ ಕಡೆ ತಿರುಗಿದ.

"ಬಣ್ಣ ಯಾವ್ದು ಹಾಕ್ಲೆವ್ವಾ?"

"ಹಸರು."

"ಇಷ್ಟು ದೊಡ್ಡದು ಸಾಕೇನ್ರಿ?"

"ಯಾಕ, ಮಸಿ ತುಟ್ಟಿ ಐತೇನು? ಇನ್ನಾ ದೊಡ್ಡದು ಮಾಡು."

ಪುಸ್ತಕ ಹೋದ ಭಾನುವಾರ ಬಂತು. ಮೈದಾನದಲ್ಲೇ ಬಿಡುಗಡೆ. ಹಾರ ಇಲ್ಲ, ಮೈಕು ಇಲ್ಲ. ಹಾಫ್ ಟೈಮಿನಲ್ಲಿ ಖಾಜಾ ಮಾಮು ಕಟ್ಟು ಬಿಚ್ಚಿ, ಮೊದಲ ಪ್ರತಿಯನ್ನು "ತಗೋರಿ ಭಾಬಿ" ಅಂತ ಅತ್ತೆಯ ಕೈಗಿಟ್ಟ. ಅತ್ತೆ ಒಳಗೆ ತೆರೆದು ನೋಡಲೇ ಇಲ್ಲ. ಮುಖಪುಟದ ಮೇಲಿನ ಹೆಸರನ್ನು ಅಂಗೈಯಿಂದ ಸವರಿ, ತೊಡೆಯ ಮೇಲಿಟ್ಟುಕೊಂಡು, ಸೆಕೆಂಡ್ ಹಾಫ್ ಪೂರ್ತಿ ಕೂತಳು. ಅವತ್ತು ಯಾರನ್ನೂ ಬೈಯಲಿಲ್ಲ. ಆಟಗಾರರು ಗಾಬರಿಯಾಗಿ ಎರಡು ಗೋಲು ಬಿಟ್ಟರು.

ಮೊನ್ನೆ ನನಗೊಂದು ಫೋನು. ದೊಡ್ಡ ಕೊಹಿನೂರಿನ ಅಭಿಮಾನಿಯಂತೆ. ಫೇಸ್‌ಬುಕ್ಕಿನಲ್ಲಿ ನಮ್ಮ ಮುಖಪುಟ ನೋಡಿ ಉರಿದುಕೊಂಡಿದ್ದಾನೆ.

"ಮೇಡಂ, ಅಸಲಿ ಕೊಹಿನೂರ್ ನಮ್ಮದು. ಕಪ್ ಗೆದ್ದಿದ್ದೀವಿ. ದೇಶದ ತುಂಬಾ ಫ್ಯಾನ್ಸ್ ಇದ್ದಾರೆ. ಆ ಹೆಸರು ನೀವು ಹೇಗೆ ಹಾಕಿಕೊಂಡಿರಿ?"

ಫ್ಯಾನ್ಸ್ ಇರಲಿ ತಮ್ಮಾ, ಸಂತೋಷ. ಆ ಹೆಸರು ಹಿಡಿದು ಗಂಡನನ್ನು ಊಟಕ್ಕೆ ಕರೆದ ಹೆಂಡತಿ ನಿಮ್ಮ ಕಡೆ ಒಬ್ಬಳಾದರೂ ಇದ್ದಾಳಾ?