ಸ್ಟಿಕ್ಕರಿಗೆ ಬಂದ ಮೀಸೆ

ಚಾಲಕ ನಾರಾಯಣಪ್ಪನವರ ಹೆಂಡತಿಯ ಚಿತ್ರವನ್ನು ಅವರ ಟೆಂಪೊದ ಹಿಂದಿನ ಗಾಜಿಗೆ ಅಂಟಿಸಿ, ಮೇಲಿನ ಕಾಗದ ಸುಲಿದೆ. ಆಕೆಗೆ ಮೀಸೆ ಬಂದಿತ್ತು!

ಮುಳಬಾಗಿಲಿನ ನನ್ನ ಅಂಗಡಿಗೆ ಆಗಷ್ಟೇ ಸ್ಟಿಕ್ಕರ್ ಕಟಿಂಗ್ ಮಷೀನ್ ಬಂದಿತ್ತು. ಅವರು ಕೊಟ್ಟ ಬಣ್ಣದ ಫೋಟೊ ಸ್ಕ್ಯಾನ್ ಮಾಡಿ, ಮಷೀನ್ ಕತ್ತರಿಸಬಲ್ಲ ಗೆರೆಗಳಾಗಿ ಕಂಪ್ಯೂಟರಿನಲ್ಲಿ ಬದಲಿಸಿದ್ದೆ. ಅಷ್ಟೊಂದು ಬಣ್ಣಗಳನ್ನು ಮೂರಕ್ಕೆ ಇಳಿಸುವಾಗ ಮೂಗಿನ ಕೆಳಗಿನ ನೆರಳೂ ಕಪ್ಪಿಗೆ ಸೇರಿಬಿಟ್ಟಿತ್ತು.

“ಕಿತ್ತಾಕಪ್ಪ, ಅವಳು ನೋಡಿದ್ರೆ ನನ್ ಕಥೆ ಮುಗೀತು!” ಎಂದು ನಾರಾಯಣಪ್ಪ ಬೆವರುತ್ತಿದ್ದಾಗಲೇ ಆಕೆ ಸಂತೆ ಚೀಲ ಹಿಡಿದು ಬಂದರು. ಗಾಜು ನೋಡಿ, ಸೆರಗು ಬಾಯಿಗೊತ್ತಿಕೊಂಡು ನಕ್ಕರು.

“ಥೇಟ್ ನಮ್ಮಪ್ಪನೇ! ಇರ್ಲಿ ಬಿಡಣ್ಣ. ಬೆನ್ನ ಹಿಂದೆ ಮಾವ ಕೂತವ್ರೆ ಅಂತ ಇವ್ರು ಮೆತ್ತಗೆ ಓಡಿಸ್ತಾರೆ.”

ಆಮೇಲೆ ಯಾರೇ ಹೆಂಡತಿಯ ಫೋಟೊ ತಂದರೂ, ಮಾವನವರಿಗೆ ಮೀಸೆ ಇದೆಯೇ ಎಂದು ಮೊದಲು ವಿಚಾರಿಸತೊಡಗಿದೆ.