ಕಾವಲುಮೊಟ್ಟೆ ಹತ್ತಿದ ನೀಲಾವತಿ

ಕಕ್ಕಬೆ ದಾಟಿ ಮೇಲಕ್ಕೆ ಹೋದರೆ ರಸ್ತೆ ಮುಗಿಯುವಲ್ಲಿ ಒಂದು ಸಣ್ಣ ಬಯಲು. ಮಡಿಕೇರಿಯ ಬಸ್ಸು ಅಲ್ಲಿಯವರೆಗೆ ಬಂದು, ತಿರುಗಿ ನಿಲ್ಲುತ್ತಿತ್ತು. ಬಯಲಿನ ಅಂಚಿಗೆ ನೀಲಾವತಿಯ ಹೋಟೆಲು. ಒಳಗೆ ಒಲೆಯ ಮುಂದೆ ಗಂಡ ದೇರಪ್ಪ, ಹೊರಗೆ ಗಲ್ಲಾಪೆಟ್ಟಿಗೆಯ ಹಿಂದೆ ಅವಳು. ದೇರಪ್ಪನ ಕೈ ಬಲು ರುಚಿ, ಆದರೆ ಬಾಯಿ ಬಿಡುವ ಜಾತಿಯಲ್ಲ. ಹಾಗಾಗಿ ಗಿರಾಕಿಗಳನ್ನು ಮಾತಾಡಿಸುವುದು, ಏಲಕ್ಕಿ ಮಾರಲು ಬಂದವರ ಜಗಳ ಬಿಡಿಸುವುದು, ಬಸ್ಸಿನ ಡ್ರೈವರನನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳುವುದು, ಎಲ್ಲವೂ ಅವಳ ಪಾಲಿಗೇ ಬಂದಿತ್ತು.

ಹೋಟೆಲಿನ ಬೆನ್ನಿಗೇ ಕಾವಲುಮೊಟ್ಟೆ. ಮೊಟ್ಟೆ ಎಂದರೆ ಬೆಟ್ಟದ ನೆತ್ತಿ. ಆ ಮನೆಗೆ ಮದುವೆಯಾಗಿ ಬಂದ ದಿನದಿಂದ ನೀಲಾವತಿ ಅದನ್ನು ನೋಡುತ್ತಲೇ ಇದ್ದಳು, ಆದರೆ ಹತ್ತಿರಲಿಲ್ಲ. ಸೌದೆಗೆ ಹೋದ ಹೆಂಗಸರು ಕಾಡಿನ ಅಂಚಿನಲ್ಲೇ ಹೊರೆ ಕಟ್ಟಿಕೊಂಡು ಇಳಿದುಬಿಡುತ್ತಿದ್ದರು. ಅದರ ಮೇಲೆ ಹುಲ್ಲು, ಗಾಳಿ, ಬಂಡೆ. ಕೆಲಸವಿಲ್ಲದ ಕಡೆಗೆ ಯಾರು ಹೋಗುತ್ತಾರೆ?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷ ಕಳೆದಿತ್ತು. ಒಂದು ದಿನ ಬಾಡಿಗೆ ಜೀಪು ಓಡಿಸುವ ಪೂವಯ್ಯ ಮಡಿಕೇರಿಯಿಂದ ಹೊಸ ಸುದ್ದಿ ತಂದ. ಕಾವಲುಮೊಟ್ಟೆಯ ಬುಡದಲ್ಲಿ ಪ್ರವಾಸಿಗಳಿಗೆ ಬಂಗಲೆ, ನೆತ್ತಿಯವರೆಗೆ ಕಾಲುದಾರಿ, ಮೇಲೊಂದು ಮಂಟಪ, ಮಕ್ಕಳಿಗೆ ಉಯ್ಯಾಲೆ ಇರುವ ತೋಟ, ಇಷ್ಟನ್ನೂ ಮಾಡಬಹುದೇ ಎಂದು ಸರಕಾರ ಯೋಚಿಸುತ್ತಿದೆಯಂತೆ. ನೋಡಲು ಒಬ್ಬ ಇಂಜಿನಿಯರು ಬರುತ್ತಾರಂತೆ.

"ಬೆಟ್ಟ ನೋಡ್ಲಿಕ್ಕೆ ಅಂತ ಬೆಂಗ್ಳೂರಿಂದ ಜನ ಬರ್ತಾರಾ ಪೂವಯ್ಯಣ್ಣ?" ಎಂದಳು ನೀಲಾವತಿ.

"ಊಟಿಗೆ ಹೋಗೋದಿಲ್ವಾ? ಹಾಗೇ ಇಲ್ಲಿಗೂ."

ಆ ಸಂಜೆ ಬಸ್ಸು ಹೊರಟ ಮೇಲೆ ಬಯಲಿನ ಅಂಗಡಿಯವರೆಲ್ಲ ಅವಳ ಹೋಟೆಲಿನಲ್ಲಿ ಸೇರಿದರು. ಬಟ್ಟೆ ಅಂಗಡಿಯ ಮಹದೇವಪ್ಪ ಶನಿವಾರಸಂತೆ ಕಡೆಯವನು, ಇಲ್ಲಿಗೆ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಮಳೆಗಾಲದ ನಾಲ್ಕು ತಿಂಗಳು ಅವನ ಅಂಗಡಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತಿತ್ತೇ ಹೊರತು ಗಿರಾಕಿಯ ಕೈ ತಾಗುತ್ತಿರಲಿಲ್ಲ.

"ನಾವೆಲ್ಲ ಒಂದೇ ಬಾಯಲ್ಲಿ ಬೇಕು ಅನ್ಬೇಕು ಕಣ್ರಪ್ಪಾ. ಇಂಜಿನಿಯರು ಬಂದ ದಿವ್ಸ ಒಬ್ರೂ ತಪ್ಪಿಸ್ಕೋಬಾರ್ದು. ಮೇಲಕ್ಕೂ ಜೊತೇಲೇ ಹೋಗಾಣ. ನಾನಂತೂ ನೆತ್ತಿ ಮ್ಯಾಲೆ ಒಂದು ಸೋಡಾ ಅಂಗಡಿ ಇಡೋನೇಯ" ಎಂದ.

ಊಟ ಹೊತ್ತುಕೊಂಡು ತಾನೂ ಬರುತ್ತೇನೆ ಎಂದಳು ನೀಲಾವತಿ. ಹೊಟ್ಟೆ ತುಂಬಿದ ಅಧಿಕಾರಿ ಇಲ್ಲ ಅನ್ನುವುದು ಕಷ್ಟ ಎಂಬುದು ಅವಳ ಲೆಕ್ಕ.

ಒಳಗಿನ ಕೋಣೆಯಿಂದ ಅತ್ತೆ ಬೊಳ್ಳಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ವಯಸ್ಸು ಎಪ್ಪತ್ತು ದಾಟಿತ್ತು, ಮಂಡಿ ನೋವು. ಬಂದವರು ಹೋದ ಮೇಲೆ ಸೊಸೆಯನ್ನು ಕರೆದಳು.

"ನೀಲಾ, ಅಲ್ಲಿ ದೇವ್ರು ಉಂಟು. ಊರವ್ರೇ ಹೋಗದ ಜಾಗಕ್ಕೆ ಪೇಟೆಯವ್ರು ಯಾಕೆ ಬರೋಕು?"

"ಬಂದವ್ಕೆ ಹಸಿವಾಗದಾ ಅತ್ತೆ? ನಂಗೆ ಅಷ್ಟೇ ಸಾಕ್."

ಬೊಳ್ಳಮ್ಮ ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಇಂಜಿನಿಯರು ಬಂದದ್ದು ಜನವರಿಯಲ್ಲಿ. ಸಣಕಲು ಮನುಷ್ಯ, ಕತ್ತಿಗೆ ಮಫ್ಲರು ಸುತ್ತಿಕೊಂಡಿದ್ದರು, ಮಾತು ಮೃದು. ಪೂವಯ್ಯ ಮುಂದೆ, ಅವನ ಹಿಂದೆ ಅವರು, ಆಮೇಲೆ ಹೊಸ ಪಂಚೆಯನ್ನು ಎತ್ತಿ ಕಟ್ಟಿದ ಮಹದೇವಪ್ಪ, ಕೊನೆಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ನೀಲಾವತಿ. ಬುಟ್ಟಿಯಲ್ಲಿ ದೇರಪ್ಪ ಬೆಳಗಿನ ಜಾವ ಎದ್ದು ಸುಟ್ಟ ಅಕ್ಕಿರೊಟ್ಟಿ, ಎಳ್ಳಿನ ಚಟ್ನಿ, ಕೋಳಿಸಾರು, ಬಾಟ್ಲಿಯಲ್ಲಿ ಬೆಲ್ಲದ ಕಾಫಿ. ದಾರಿಯುದ್ದಕ್ಕೂ ಅವಳು ಮೇಲೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಸ್ವಾಮಿ, ಇಲ್ಲಿ ಬಂಗಲೆಯಾದರೆ ನಮ್ಮ ಬಯಲಿನ ಅಷ್ಟೂ ಅಂಗಡಿ ಉಸಿರಾಡುತ್ತದೆ.

ಕಾಡು ಮುಗಿದು ಹುಲ್ಲು ಶುರುವಾಗುವಾಗ ಮಂಜು ಕವಿಯಿತು. ಮುಂದಿದ್ದ ಮಹದೇವಪ್ಪನ ಬಿಳಿ ಪಂಚೆಯೂ ಕಾಣದಾಯಿತು, ಅವನ ಏದುಸಿರು ಮಾತ್ರ ಕೇಳುತ್ತಿತ್ತು. ನೆತ್ತಿ ಮುಟ್ಟಿ ಬಂಡೆಯ ಮೇಲೆ ನಿಂತರೆ ಸುತ್ತಲೂ ಬೆಳ್ಳಗೆ. ಇಂಜಿನಿಯರು ಕಾದರು. ಕಾಫಿ ಕುಡಿದರು. ಮತ್ತೆ ಕಾದರು.

ಕೊನೆಗೆ, "ಬೇಜಾರು ಮಾಡ್ಕೋಬೇಡಿ" ಎಂದರು. "ಏನೂ ಕಾಣದ ಜಾಗಕ್ಕೆ ದಾರಿ ಮಾಡಿ ಅಂತ ನಾನು ಹೇಗೆ ಹೇಳಲಿ?"

ಮಹದೇವಪ್ಪನ ಮುಖ ಇಳಿಯಿತು. ನೀಲಾವತಿ ಜೋಡಿಸಿಟ್ಟ ಮಾತನ್ನು ಹೇಳಲು ಬುಟ್ಟಿ ಪಕ್ಕಕ್ಕೆ ಸರಿಸಿ ಎದ್ದು ನಿಂತಳು. ಆಗ ಗಾಳಿ ತಿರುಗಿತು.

ಮೊದಲು ಅವಳ ಕಾಲ ಬುಡದ ಹುಲ್ಲು ಕಂಡಿತು. ಆಮೇಲೆ ಹುಲ್ಲಿನ ಇಳಿಜಾರು, ಕಾಡಿನ ಕಪ್ಪು ತಲೆ, ಅದರಾಚೆ ಇನ್ನೊಂದು ಬೆಟ್ಟ, ಅದರಾಚೆ ಮತ್ತೊಂದು. ಮಂಜು ಚಾಪೆ ಸುತ್ತಿದ ಹಾಗೆ ಸರಿಯುತ್ತಾ ಹೋಯಿತು. ಕೆಳಗೆ ಬಯಲು ಅಂಗೈಯಷ್ಟಿತ್ತು. ಅದರ ಅಂಚಿಗೆ ಒಂದು ಹೆಂಚಿನ ಚೂರು, ಅದರಿಂದ ಎಳೆಯಷ್ಟು ಹೊಗೆ. ಅದು ತನ್ನ ಹೋಟೆಲು, ಆ ಹೊಗೆ ದೇರಪ್ಪನ ಒಲೆಯದು ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಇಪ್ಪತ್ತು ವರ್ಷದ ತನ್ನ ಬದುಕೆಲ್ಲ ಆ ಚೂರಿನಡಿಯಲ್ಲಿ ನಡೆದಿತ್ತೇ?

ಪಡುವಣಕ್ಕೆ ತಿರುಗಿದಳು. ಬೆಟ್ಟಗಳು ಇಳಿದಿಳಿದು ನೀಲಿಯಾಗಿ ಮುಗಿದುಹೋದ ಕಡೆ ಆಕಾಶ ಶುರುವಾಗಬೇಕಿತ್ತು. ಅಲ್ಲಿ ಆಕಾಶಕ್ಕಿಂತ ಹೊಳಪಾದ ಒಂದು ಪಟ್ಟಿ, ಕಣ್ಣು ಹೋದಷ್ಟೂ ಉದ್ದಕ್ಕೆ.

"ಅದೆಂತ ಪೂವಯ್ಯಣ್ಣ?"

ಪೂವಯ್ಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ಕಡಲು" ಎಂದ.

ಅಷ್ಟು ದಿನ ಕಡಲು ಅವಳ ಹೋಟೆಲಿಗೆ ಒಣಮೀನಿನ ಬುಟ್ಟಿಯಲ್ಲಿ ಬರುತ್ತಿತ್ತು. ಅದು ಘಟ್ಟದ ಕೆಳಗೆ ಎಲ್ಲೋ ಇದೆ ಎಂದು ತಿಳಿದಿತ್ತೇ ಹೊರತು ಈ ಬೆಟ್ಟ ಇಷ್ಟು ಕಾಲವೂ ಅದನ್ನು ನೋಡುತ್ತಾ ನಿಂತಿದೆ ಎಂಬುದು ಗೊತ್ತಿರಲಿಲ್ಲ. ಅವಳು ಬಂಡೆಯ ಮೇಲೆ ಕುಳಿತುಬಿಟ್ಟಳು. ಬುಟ್ಟಿಯ ನೆನಪೇ ಇಲ್ಲ. ಮಹದೇವಪ್ಪ ತಾನೇ ರೊಟ್ಟಿ ಬಿಚ್ಚಿ ಎಲೆಗೆ ಬಡಿಸಿದ, ಬಡಿಸುವಾಗಲೂ ಅವನ ಕಣ್ಣು ಪಡುವಣಕ್ಕೇ.

ಇಂಜಿನಿಯರು ರೊಟ್ಟಿ ಮುಗಿಸಿ ಅವಳನ್ನು ಕೇಳಿದರು. "ಅಮ್ಮಾ, ನೀವೇನೋ ಹೇಳಬೇಕು ಅಂತ ಎದ್ದಿರಲ್ಲ?"

"ಮುದುಕರೂ ಹತ್ತುವಂಥ ದಾರಿ ಮಾಡಿಸಿ ಸ್ವಾಮಿ" ಎಂದಳು. "ನಮ್ಮ ಅತ್ತೆ ಇದನ್ನ ನೋಡಿಲ್ಲ."

ಇಳಿಯುವಾಗ ಕಾಡಿನ ಅಂಚಿಗೆ ಬಂದ ಮೇಲೆ ಮಹದೇವಪ್ಪ ನಿಂತ. "ನೀಲಾವತಕ್ಕಾ, ಸೋಡಾ ಅಂಗಡಿ ಕೆಳಗೇ ಇರಲಿ ಬಿಡಿ. ಅಲ್ಲಿ ಗೋಲಿ ಸದ್ದು ಚೆಂದಾಗಿರಾಕಿಲ್ಲ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದಳು.

ಸರಕಾರದ ಕೆಲಸ ತನ್ನದೇ ನಡಿಗೆಯಲ್ಲಿ ನಡೆಯಿತು. ಮಂಟಪಕ್ಕೆ ಒಪ್ಪಿಗೆ ಸಿಗಲಿಲ್ಲ, ಉಯ್ಯಾಲೆಯ ತೋಟ ಮಾತಿನಲ್ಲೇ ಉಳಿಯಿತು. ಎರಡು ಕೋಣೆಯ ಬಂಗಲೆಯೂ ಸುತ್ತಿ ಬಳಸಿ ಏರುವ ಕಾಲುದಾರಿಯೂ ಬಂದವು. ಕಡಿದಾದ ಕಡೆಗಳಲ್ಲಿ ಕಲ್ಲಿನ ಮೆಟ್ಟಿಲು ಹಾಕುವಾಗ ಅಂಗಡಿಯವರೆಲ್ಲ ಸರದಿಯ ಮೇಲೆ ಹೋಗಿ ಕಲ್ಲು ಹೊತ್ತರು. ಮೈಸೂರಿನಿಂದ, ಮಂಗಳೂರಿನಿಂದ ಜನ ಬರತೊಡಗಿದರು. ಮಹದೇವಪ್ಪನ ಕಂಬಳಿಗಳು ಖರ್ಚಾದವು. ದೇರಪ್ಪ ಇನ್ನೊಂದು ಒಲೆ ಹೂಡಿದ.

ಆದರೆ ದಾರಿ ಮುಗಿದ ಮೊದಲ ವಾರ, ಹೊರಗಿನವರು ಬರುವ ಮೊದಲೇ, ನೀಲಾವತಿ ಹೋಟೆಲಿಗೆ ಬಾಗಿಲು ಹಾಕಿದ್ದಳು. ಬಿದಿರಿಗೆ ಕುರ್ಚಿ ಕಟ್ಟಿ ಅತ್ತೆಯನ್ನು ಕೂರಿಸಿದರು. ದೇರಪ್ಪ ಒಂದು ಕಡೆ, ಪೂವಯ್ಯ ಇನ್ನೊಂದು ಕಡೆ. "ನನ್ನನ್ನ ಎಲ್ಲಿಗೆ ಹೊರ್ತೀರಿ, ಇನ್ನೂ ಸತ್ತಿಲ್ಲೆ" ಎಂದು ಬೊಳ್ಳಮ್ಮ ದಾರಿಯುದ್ದಕ್ಕೂ ಬೈದಳು. ಕಾಡು ದಾಟಿದ ಮೇಲೆ ಬೈಗಳು ನಿಂತಿತು.

ನೆತ್ತಿಯಲ್ಲಿ ಕುರ್ಚಿ ಇಳಿಸಿದರು. ಬಾನು ತೊಳೆದಿಟ್ಟ ಹಾಗಿತ್ತು. ಮುದುಕಿ ಚಪ್ಪಲಿ ಕಳಚಿ, ಸೊಸೆಯ ಭುಜ ಹಿಡಿದು ಎದ್ದಳು. ಕಣ್ಣಿನ ಮೇಲೆ ಕೈ ಅಡ್ಡವಿಟ್ಟು ಪಡುವಣಕ್ಕೆ ನೋಡಿದಳು.

"ಅಷ್ಟೂ ನೀರಾ ನೀಲಾ?"

"ಅಷ್ಟೂ ನೀರೇ ಅತ್ತೆ."

ಬೊಳ್ಳಮ್ಮ ಕೈ ಮುಗಿದಳು. ಕಡಲಿಗೋ, ಬೆಟ್ಟದ ದೇವರಿಗೋ ಎಂದು ನೀಲಾವತಿ ಕೇಳಲಿಲ್ಲ. ದೇರಪ್ಪ, ಎಂದೂ ಮಾತಾಡದವನು, ಹೆಂಡತಿಯ ಪಕ್ಕಕ್ಕೆ ಬಂದು ನಿಂತು, "ಇದು ಇಲ್ಲೇ ಇತ್ತಲ್ಲಾ" ಎಂದ.